ಒಂಟಿ ಸೀನು

"ಏ ನೀಲಾ, ಮೂಗು ಬಿಡು ಅಂದ್ರ ಬಿಡಬೇಕು ನೋಡು!" ಅಜ್ಜಿ ಜಡೆಮ್ಮ ಗದರಿದಳು.

ನೀಲಾವತಿ ಬಿಡಲಿಲ್ಲ. ಅವ್ವ ಟಿಫನ್ ಹಿಡಿದು ಗದ್ದೆಗೆ ಹೊರಟಿದ್ದಳು. ಅವಳು ಓಣಿ ದಾಟುವವರೆಗೂ ನೀಲಾ ಮೂಗು ಹಿಡಿದೇ ನಿಂತಳು. ಮುಖ ಟೊಮೆಟೊ ಆಗಿತ್ತು.

ದೀಪಾವಳಿ ಮುಗಿದ ಮೇಲೊಂದು ಬೆಳಿಗ್ಗೆ ಅಪ್ಪ ಯರ್ರಿಸ್ವಾಮಿ ಟ್ರ್ಯಾಕ್ಟರ್ ಹತ್ತುವಾಗ ನೀಲಾ ಸೀನಿದ್ದಳು. "ಒಂಟಿ ಸೀನು ಆತು, ಸ್ವಲ್ಪ ಕುಂತು ಹೋಗಪ್ಪಾ," ಎಂದಿದ್ದಳು ಅಜ್ಜಿ. ಅಪ್ಪ ನಕ್ಕು ಹೊರಟ. ಕಾಲುವೆ ದಂಡೆಯ ಮೇಲೆ ಟ್ರ್ಯಾಕ್ಟರ್ ಪಲ್ಟಿಯಾಗಿ ಅವನ ಕಾಲು ಮುರಿಯಿತು. ಕೆಸರು ಮೆತ್ತಿದ ಅಪ್ಪನನ್ನು ಜನ ಹೊತ್ತು ತಂದದ್ದನ್ನು ನೀಲಾ ಕಣ್ಣಾರೆ ಕಂಡಳು. ಅಂದಿನಿಂದ ಕಣ್ಣು ಮುಚ್ಚಿದರೆ ಅದೇ. ಕ್ಲಾಸಿನಲ್ಲಿ ಯಾರಾದರೂ ಹೊರಗೆ ಹೊರಟರೂ ಅವಳ ಕೈ ಮೂಗಿಗೆ ಹೋಗುತ್ತಿತ್ತು.

ಮಕ್ಕಳ ಕಷ್ಟ ಕೇಳಲು ಬಳ್ಳಾರಿಯಿಂದ ಹಚ್ಚೊಳ್ಳಿಯ ನೀಲಾಳ ಶಾಲೆಗೆ ಬರುವ ಕೌನ್ಸೆಲರ್ ಅರುಣಾ ಮೇಡಂ ಮುಂದೆ ಅದೆಲ್ಲ ಹೊರಬಿತ್ತು.

"ನನ್ನ ಸೀನಿಂದನೇ ಅಪ್ಪನ ಕಾಲು ಮುರೀತ್ರಿ. ನಾನೇ ಅಪಶಕುನ."

ಮೇಡಂ ನಗಲಿಲ್ಲ, ಬೈಯಲೂ ಇಲ್ಲ. "ಇಷ್ಟು ದಿನ ಒಬ್ಬಾಕೇ ಇದನ್ನ ಹೊತ್ತಿದ್ದೇನು?" ಎಂದರು. ಆಮೇಲೆ ಕೇಳಿದರು, "ನಿಮ್ಮೂರಾಗ ಎಲ್ಲಿ ಭಾಳ ಸೀನ್ತಾರ?"

"ಮೆಣಸಿನಕಾಯಿ ಕಣದಾಗ್ರಿ!"

"ಹಂಗಾರ ನಡಿ, ಹೋಗಿ ನೋಡೂಣು."

ಕಣ ಶಾಲೆಯ ಹಿಂದೆಯೇ ಇತ್ತು. ಕಣ್ಣು ಹಾಯುವವರೆಗೂ ಕೆಂಪೋ ಕೆಂಪು. ದಿನಾ ಕಾಣುವ ಕಣ ಇಷ್ಟು ದೊಡ್ಡದೆಂದು ನೀಲಾಗೆ ಗೊತ್ತೇ ಇರಲಿಲ್ಲ. ಚೀಲ ತುಂಬುವವರು ಆಕ್ಷೀ, ಹೊರುವವರು ಆಕ್ಷೀ! ಚೀಲ ಹೇರಿದ ಟ್ರ್ಯಾಕ್ಟರ್ ಹತ್ತುತ್ತಲೇ ಡ್ರೈವರ್ ಮಾರೆಣ್ಣ ಸೀನಿದ.

"ಮಾರೆಣ್ಣಾ, ಹೋಗಬ್ಯಾಡ್ರೀ!" ನೀಲಾ ಕಿರುಚಿದಳು.

"ಸೀನಿದಾಗೆಲ್ಲಾ ಕುಂತ್ರ ಕಾಯಿ ಇಲ್ಲೇ ಕೊಳೀತಾವವ್ವಾ!" ಎಂದು ಮಾರೆಣ್ಣ ಹೊರಟೇಬಿಟ್ಟ.

ನೀಲಾ ಟ್ರ್ಯಾಕ್ಟರ್ ಹೋದ ದಾರಿಯನ್ನೇ ದಿಟ್ಟಿಸಿದಳು. ಮೇಡಂ ಅವಳ ಕೈ ಹಿಡಿದು ಕುಳಿತರು. ಸೀನಿದರೂ ನಿಲ್ಲದೆ ಹೊರಟಿದ್ದವರ ಬೈಕುಗಳು ಮರಳಿ ಬಂದವು. ಆಟೋ ಬಂತು. ಕೊನೆಗೆ ಮಾರೆಣ್ಣನೂ ಖಾಲಿ ಟ್ರ್ಯಾಕ್ಟರ್ ಓಡಿಸುತ್ತ, ಸೀನುತ್ತ ಬಂದ! ನೀಲಾ ಬಾಯಿ ತೆರೆದು ನೋಡಿದಳು. ಎಲ್ಲರೂ ಬಂದಿದ್ದರು.

"ಅವತ್ತು ಕಾಲುವಿ ದಂಡಿ ಹೆಂಗಿತ್ತು?" ಮೇಡಂ ಮೆಲ್ಲಗೆ ಕೇಳಿದರು.

ನೀಲಾ ಕಣ್ಣು ಮುಚ್ಚಿದಳು. "ಹಸಿ ಇತ್ರಿ. ನೀರು ಉಕ್ಕಿ ಮಣ್ಣು ಕುಸಿದಿತ್ತು." ಇದು ಅವಳಿಗೆ ಮೊದಲೇ ಗೊತ್ತಿತ್ತು. ಆದರೆ ಒಂದು ಸಲವೂ ನೆನಪಿಗೆ ಬಂದಿರಲಿಲ್ಲ. ಅವಳಿಗೆ ಅಳು ಬಂತು, ಅಳುವಿನ ನಡುವೆಯೇ ದೊಡ್ಡದೊಂದು ಸೀನೂ ಬಂತು.

ಸಂಜೆ ಅಪ್ಪ ಕೋಲೂರಿಕೊಂಡು ಹೊಸ್ತಿಲಿಗೆ ಬಂದ. ಕಾಲು ಮುರಿದ ಮೇಲೆ ಇದೇ ಮೊದಲ ಸಲ ಒಬ್ಬನೇ ಚಹಾದಂಗಡಿಗೆ ಹೊರಟಿದ್ದ. ನೀಲಾಗೆ ಮೂಗು ತುರಿಸಿತು. ಕೈ ಅರ್ಧ ಮೇಲೆದ್ದಿತು. ಮತ್ತೆ ಕೆಳಗಿಳಿಯಿತು.

ಆಕ್ಷೀ!

"ಅಯ್ಯ, ಒಂಟಿ ಸೀನು! ಕುಂತು ಹೋಗೋ," ಎಂದಳು ಅಜ್ಜಿ.

ಅಪ್ಪ ನೀಲಾಳ ಮುಖ ನೋಡಿದ.

"ಹೋಗಿ ಬಾರಪ್ಪಾ," ಎಂದಳು ನೀಲಾ. "ನಳದ ಹತ್ರ ಹಸಿ ಐತಿ. ಅಲ್ಲಿ ಮಾತ್ರ ನೋಡ್ಕೊಂಡು ಹೋಗು."