ಎರಡು ಎಲೆಯ ಪಾಲು

ಕಮಲಾಪುರದ ನಮ್ಮ ಕೆಂಪು ಬಾಳೆ ತೋಟದಲ್ಲಿ ಎರಡು ಎಲೆ ಹಾಸಿದೆ. ಊಟಕ್ಕಲ್ಲ. ಹೋದ ವಾರ ಕಲಬುರಗಿ ಕೋರ್ಟಿನಲ್ಲಿ ನನಗೂ ಪ್ರಬುದ್ಧರಿಗೂ ವಿಚ್ಛೇದನವಾಗಿತ್ತು. ಉಳಿದಿದ್ದು ಆಸ್ತಿ ಹಂಚಿಕೆ ಮಾತ್ರ.

ದೊಡ್ಡ ಜಗಳವೇನೂ ಇರಲಿಲ್ಲ. ವಕೀಲರಾದ ಅವರು ಕೋರ್ಟು, ಕಕ್ಷಿದಾರರು ಅಂತ ಕಲಬುರಗಿ ಬಿಡಲಿಲ್ಲ, ನಾನು ತೋಟ ಬಿಡಲಿಲ್ಲ. ಬರಬರುತ್ತ ನಮ್ಮ ನಡುವೆ ಮಾತೇ ಬತ್ತಿಹೋಯಿತು.

ಅವರ ಮನೆತನದ ಪದ್ಧತಿಯಂತೆ ಒಬ್ಬರು ಎಲೆಗಳ ಮೇಲೆ ಪಾಲು ಹಾಕಬೇಕು, ಇನ್ನೊಬ್ಬರು ಮೊದಲು ಆರಿಸಬೇಕು. ಹಾಕುವ ಕೆಲಸ ನನ್ನದಾಗಿತ್ತು. ಒಂದು ಎಲೆಯ ಮೇಲೆ ಕಲಬುರಗಿಯ ಕುಸನೂರಿನ ಎರಡಂತಸ್ತಿನ ಮನೆಯ ಕೀಲಿಕೈಗಳು, ಕಾರಿನದು, ನನ್ನ ಬಳೆ. ಇನ್ನೊಂದರ ಮೇಲೆ ಪಂಪಿನ ಕೋಣೆಯ ಕೀಲಿಕೈ ಒಂದೇ. ತೋಟದ ಪಾಲು ಅದು. ಕಾಗದದಲ್ಲಿ ತೋಟ ಅವರ ಹೆಸರಿಗಿತ್ತು, ನೆಟ್ಟು ಬೆಳೆಸಿದವಳು ನಾನು. ಅದು ಕೈತಪ್ಪಿದರೆ ನಾನು ಬದುಕುವುದಾದರೂ ಹೇಗೆ? ಅವರ ಕಣ್ಣು ಮೊದಲ ಎಲೆಗೇ ಹೋಗಲಿ ಎಂದು ಅದನ್ನು ತುಂಬಿಸಿದ್ದೆ.

ಪ್ರಬುದ್ಧ ಎಲೆಗಳ ಮುಂದೆ ಕೂತು ಓರೆಗಣ್ಣಿನಲ್ಲಿ ನನ್ನ ನೋಡಿದರು. ಕಾಲೇಜಿನ ದಿನಗಳಲ್ಲಿ ಬಸ್ಸಿನಲ್ಲಿ ಕದ್ದು ನೋಡುತ್ತಿದ್ದರಲ್ಲ, ಅದೇ ತುಂಟ ನೋಟ. ಹಾಳಾದ್ದು, ಈಗಲೂ ಮೈ ಜುಮ್ಮೆಂದಿತು.

“ಯಶೋಧರಾ, ನೀ ಬಡಸಾಗ ಯಾವಾಗ್ಲೂ ನಿನ್ನ ತಾಟಿಗಿ ಕಮ್ಮಿ ಹಾಕ್ಕೋತಿದ್ದಿ.”

“ಸುಮ್ನ ಆರಸ್ರಿ.”

“ತೋಟ ಆರಿಸಿದ್ರ?”

ತುಂಬಿದ ಕಣ್ಣು ಕಾಣದಿರಲೆಂದು ಬಾಳೆಗೊನೆಗಳ ಕಡೆ ತಿರುಗಿದೆ.

“ಅಯ್ಯ, ಅಳಬ್ಯಾಡ. ಚಾಷ್ಟಿ ಮಾಡೀನಿ.” ಅವರ ದನಿ ಮೆತ್ತಗಾಯಿತು. “ಪಾಲು ಸಮ ಇಲ್ದ ನಾ ಆರಸಂಗಿಲ್ಲ.”

ಬಳೆ ಎತ್ತಿ ತೋಟದ ಎಲೆಗೆ ಇಟ್ಟರು. “ಇವು ನಿಮ್ಮವ್ವ ಕೊಟ್ಟಿದ್ದು, ಪಾಲಿಗೇ ಬರಂಗಿಲ್ಲ.” ಆಮೇಲೆ ಮನೆಯ ಎರಡು ಕೀಲಿಕೈಗಳಲ್ಲಿ ಒಂದನ್ನು ಬಿಡಿಸಿದರು. “ಕೆಳಗಿನ ಮನಿ ನಿಂದು. ಮ್ಯಾಲಿಂದು, ಕಾರು ನಂದು. ತೋಟ ನಿನ್ನ ಹೆಸರಿಗಿ ಬರಸ್ತೀನಿ.”

“ಈಗ ನನ್ನ ಎಲಿನೇ ಭಾರ ಆತಲ್ರೀ!”

“ನನ್ನ ಎಲ್‌ಎಲ್‌ಬಿ ಫೀಸು ಕಟ್ಟಿದ್ದು ಈ ಗೊನಿಗೋಳು. ಅದನ್ನೂ ನನ್ನ ಎಲಿಗಿ ಹಾಕಿ ತೂಗು, ಸಮ ಆಗ್ತದ.”

ನನ್ನ ದುಡಿಮೆ ಅವರ ಲೆಕ್ಕದಲ್ಲಿತ್ತು, ಇಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. “ನಿಮ್ಮ ಉಪಕಾರ ಮರಿಯಂಗಿಲ್ರಿ,” ಎಂದೆ.

“ಉಪಕಾರ ಅಲ್ಲ, ನಿನ್ನ ಹಕ್ಕು,” ಎಂದು ಎದ್ದರು. ನಾಲ್ಕು ಹೆಜ್ಜೆ ಹೋಗಿ ನಿಂತರು. “ಒಂದು ಬಾಳಿ ಮರಿ ಕೊಡ್ತಿ? ನಿನ್ನ ಕೆಳಗಿನ ಮನಿ ಅಂಗಳದಾಗ ಹಚ್ತೀನಿ.”

ಇದ್ದುದರಲ್ಲೇ ಗಟ್ಟಿ ಮರಿ ನೋಡಿ ಅಗೆದು, ಬೇರಿಗೆ ಒದ್ದೆ ಚೀಲ ಸುತ್ತಿ ಕೊಟ್ಟೆ. ಕೊಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಗಡಬಡಿಸಲಿಲ್ಲ.

“ಮರಿ ಒಯ್ದವರು ಮೊದಲನೇ ಗೊನಿ ತಾವೇ ತಂದು ಕೊಡಬೇಕು. ನಮ್ಮ ತೋಟದ ರೂಢಿ ಗೊತ್ತದ ಇಲ್ರಿ?”

ಮರಿಯನ್ನು ಎದೆಗವಚಿಕೊಂಡು ಪ್ರಬುದ್ಧ ನಕ್ಕರು.

“ಗೊತ್ತದ ಅಂತಲೇ ಕೇಳೀನಿ.”