ಸೊಪ್ಪು ಕಟ್ಟಿದ ಬಾವಿ

"ಆ ಸೊಪ್ಪಿಗೆ ಮಾತ್ರ ಕೈ ಹಾಕಬೇಡ ಮಗಳೇ," ಎಂದರು ಬೇಲಿಯಾಚೆ ನಿಂತಿದ್ದ ಮೈಮೂನಮ್ಮ. "ನೀರು ನಮ್ಮ ಮನೆಯಿಂದ ಕೊಂಡೋಗು. ಎಷ್ಟು ಕೊಡ ಬೇಕಾದ್ರೂ ಕೊಂಡೋಗು."

ಭವಿತಾ ಪಾತ್ರೆಗಳ ಗೋಣಿಯನ್ನು ಜಗಲಿಯ ಮೇಲೆ ದೊಪ್ಪನೆ ಹಾಕಿದಳು. ಪಿಕಪ್ ವ್ಯಾನಿನಿಂದ ಸಾಮಾನು ಇಳಿಸಿ ಇಳಿಸಿ ಸೊಂಟ ಬಿದ್ದುಹೋಗಿತ್ತು. ಗಂಡ ಹರಿಪ್ರಸಾದನಿಗೆ ಸುಳ್ಯದ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತೆಂದು ಪುತ್ತೂರು ಪೇಟೆ ಬಿಟ್ಟು ಆಲೆಟ್ಟಿಯ ಈ ಬಾಡಿಗೆ ಮನೆಗೆ ಬಂದದ್ದು. ಬಂದು ಒಂದು ಗಂಟೆ ಆಗಿಲ್ಲ, ಆಗಲೇ ನೆರೆಮನೆಯವರ ಉಪದೇಶ ಶುರುವಾಗಿತ್ತು.

ಬಾವಿ ಅಂಗಳದ ಬಲಕ್ಕಿತ್ತು. ಅದರ ರಾಟೆಯ ಕಂಬಕ್ಕೆ ಒಂದು ಹಿಡಿ ಸೊಪ್ಪನ್ನು ಕಪ್ಪು ನೂಲಿನಿಂದ ಬಿಗಿದು ಕಟ್ಟಿದ್ದರು. ಒಣಗಿ, ಸುರುಟಿ, ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಅದು ಏನೆಂದು ಭವಿತಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಕಡೆ ಮರಕ್ಕೋ ಗದ್ದೆಗೋ ತಕರಾರು ಬಂದರೆ ನೊಂದವರು ದೈವದ ಹೆಸರು ಹೇಳಿ ಸೊಪ್ಪು ಕಟ್ಟುತ್ತಾರೆ. ತೀರ್ಮಾನವಾಗಿ ಎರಡೂ ಕಡೆಯವರು ಒಟ್ಟಿಗೆ ನಿಂತು ಬಿಚ್ಚುವವರೆಗೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಅವಳ ಅಜ್ಜನೇ ಹಲಸಿನ ಮರಕ್ಕೆ ಕಟ್ಟಿದ್ದನ್ನು ಸಣ್ಣವಳಿದ್ದಾಗ ನೋಡಿದ್ದಳು.

ಗೊತ್ತಿದ್ದುದರಿಂದಲೇ ಅವಳಿಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಹೊಟ್ಟೆಯಲ್ಲಿ ಗಡ್ಡೆ ಬೆಳೆದಾಗ ಮನೆಯವರು ಯಾರೋ ಮಾಟ ಮಾಡಿಸಿದ್ದಾರೆಂದು ಹೇಳಿ, ಗಡಿಯಾಚೆಯ ಮಂತ್ರವಾದಿಯ ಬಾಗಿಲಿಗೆ ಏಳು ತಿಂಗಳು ಅಲೆದಾಡಿಸಿದ್ದರು. ತಗಡು ಕಟ್ಟಿದರು, ಕೋಳಿ ಕೊಯ್ದರು, ಬೂದಿ ನೆಕ್ಕಿಸಿದರು. ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಡಾಕ್ಟರರಿಗೆ ಮಾಡಲು ಏನೂ ಉಳಿದಿರಲಿಲ್ಲ. ಅಂದಿನಿಂದ ನೂಲು, ತಗಡು, ಸೊಪ್ಪು ಎಂದರೆ ಅವಳಿಗೆ ಮೈಯೆಲ್ಲ ಉರಿ.

"ಮನೆಯ ಯಜಮಾನರೇ ಫೋನಿನಲ್ಲಿ ಹೇಳಿದ್ದಾರೆ. ನೀವು ಓದಿದವರು, ಅದನ್ನು ಕಿತ್ತು ಬಿಸಾಡಿ ಅಂತ. ನಿಮಗೆ ಎಂತ ಹೆದರಿಕೆ?"

"ವೆಂಕಪ್ಪಣ್ಣ ಹೇಳಿದ್ದಾ?" ಮೈಮೂನಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡರು. "ಹಾಗಾದ್ರೆ ಎರಡು ವರ್ಷದಿಂದ ಅವರೇ ಯಾಕೆ ಬಿಸಾಡಲಿಲ್ಲ? ಕೇಳು ಮಗಳೇ, ಆ ಸೊಪ್ಪು ಕಟ್ಟಿದ್ದು..."

"ಪುರಾಣ ಆಮೇಲೆ ಹೇಳಿ ಮಾರಾಯ್ರೆ," ಎಂದು ಭವಿತಾ ಕತ್ತಿ ತಂದಳು. ಒಂದೇ ಏಟಿಗೆ ನೂಲು ಕಡಿಯಿತು. ಸೊಪ್ಪು ಕಾಲ ಬಳಿ ಬಿತ್ತು. ಎರಡು ವರ್ಷ ಒಣಗಿದ ಸೊಪ್ಪಿನಿಂದ ಈಗಷ್ಟೇ ಕಿತ್ತ ಎಲೆಯ ಹಸಿ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಅವಳು ಅದನ್ನು ಚಪ್ಪಲಿಯಿಂದ ಬೇಲಿಯ ಬುಡಕ್ಕೆ ತಳ್ಳಿದಳು. ಮೈಮೂನಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮೊದಲ ಕೊಡ ಮೇಲೆ ಬಂತು. ನಾಲ್ಕೂವರೆ ವರ್ಷದ ಯಶಸ್ವಿ ಬಿಸಿಲಲ್ಲಿ ಕುಣಿದು ಕೆಂಪಾಗಿದ್ದಳು. "ಹೊಸ ಮನೆಗೆ ಬಂದ ನೆಂಟರಿಗೆ ಬೆಲ್ಲ ನೀರು," ಎಂದು ಭವಿತಾ ನಗುತ್ತಾ ಒಂದು ಚೂರು ಬೆಲ್ಲ ಬಾಯಿಗಿಟ್ಟು ಲೋಟ ಕೊಟ್ಟಳು. ಮಗು ಗಟಗಟನೆ ಕುಡಿಯಿತು. ಮುಖ ಕಿವುಚಿ ಏನೋ ಹೇಳಿತು. ಏನೆಂದು ಭವಿತಾಗೆ ಕೇಳಿಸಲಿಲ್ಲ.

ಮಗುವಿನ ಮಾತು ಕೇಳುತ್ತಿಲ್ಲವೆಂದು ಸಾಮಾನು ಜೋಡಿಸುವ ಗಡಿಬಿಡಿಯಲ್ಲಿ ಸಂಜೆಯವರೆಗೂ ಯಾರಿಗೂ ಗೊತ್ತಾಗಲಿಲ್ಲ. ಹೊಸ ಜಾಗ, ಮುನಿಸಿಕೊಂಡಿದ್ದಾಳೆ ಎಂದುಕೊಂಡರು. ಮಾರನೆಯ ದಿನ ಹರಿಪ್ರಸಾದ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಡು ಹೇಳಿಸಿದ. ಬಾಯಿ ತೆರೆಯಿತು, ತುಟಿ ಆಡಿತು, ಕತ್ತಿನ ನರ ಉಬ್ಬಿತು. ಸದ್ದಿಲ್ಲ. ಸುಳ್ಯದ ಗಂಟಲು ಡಾಕ್ಟರರು ಕೊಳವೆ ಇಳಿಸಿ ನೋಡಿದರು. ಮಗುವಿನ ಕೊರಳ ಮೇಲೆ ಬೆರಳಿಟ್ಟು, "ಇಲ್ಲಿ ಕಂಪನ ಉಂಟು. ಸ್ವರ ಹೊರಡ್ತಾ ಉಂಟು. ಹೊರಟದ್ದು ಎಲ್ಲಿ ಹೋಗ್ತದೆ ಅಂತ ಮಾತ್ರ ನನಗೆ ಗೊತ್ತಾಗುದಿಲ್ಲ," ಎಂದರು. ಹರಿಪ್ರಸಾದ ಫೋನಿನಲ್ಲಿ ರೆಕಾರ್ಡ್ ಮಾಡಿದ. ಪರದೆಯ ಮೇಲೆ ಗೆರೆಗಳು ಎದ್ದು ಬಿದ್ದು ಕುಣಿದವು. ಹಾಕಿ ಕೇಳಿದರೆ ಹಿಂದೆ ತಿರುಗುತ್ತಿದ್ದ ಫ್ಯಾನಿನ ಸದ್ದು ಮಾತ್ರ ಇತ್ತು.

ಭವಿತಾ ಇದಕ್ಕೂ ಬಾವಿಗೂ ಸಂಬಂಧ ಕಟ್ಟಲು ಒಪ್ಪಲಿಲ್ಲ. ಮಂಗಳೂರಿಗೆ ಹೋಗೋಣ, ಬೇರೆ ಡಾಕ್ಟರರಿಗೆ ತೋರಿಸೋಣ ಎಂದು ಹಲ್ಲು ಕಚ್ಚಿ ನಿಂತಳು. ಅಷ್ಟರಲ್ಲಿ ಆ ಮಂಗಳವಾರ ಬಂತು.

ಮನೆಯ ಹಿಂದೆ ವೆಂಕಪ್ಪನ ರಬ್ಬರ್ ತೋಟ. ಅಂಚಿನಲ್ಲೇ ರಬ್ಬರ್ ಶೀಟಿಗೆ ಹೊಗೆ ಹಾಕುವ ಕಿಟಕಿಯಿಲ್ಲದ ಕೋಣೆ. ಬೆಳಿಗ್ಗೆ ಹನ್ನೊಂದಕ್ಕೆ ಕೆಲಸದ ಜತ್ತಪ್ಪ ಶೀಟು ನೇತುಹಾಕಿ, ಹೊರಗಿನಿಂದ ಚಿಲಕ ಜಡಿದು, ಒಲೆಗೆ ಬೆಂಕಿ ಕೊಟ್ಟು ಹೋಗಿದ್ದ. ಹನ್ನೊಂದೂವರೆಗೆ ಭವಿತಾ ಬಟ್ಟೆ ಒಣಹಾಕಿ ತಿರುಗಿದರೆ ಯಶಸ್ವಿ ಇರಲಿಲ್ಲ.

"ಯಶೂ!"

ಕರೆದದ್ದಕ್ಕೆ ಓಗೊಡುವ ಮಗುವಲ್ಲ ಈಗ ಅದು. ಓಡಿದಳು. ಬಾವಿಗೆ ಬಗ್ಗಿ ನೋಡಿದಳು. ನೀರು ಅಲುಗಾಡಿರಲಿಲ್ಲ. ರಸ್ತೆಗೆ ಹೋದಳು. ತೋಟಕ್ಕೆ ನುಗ್ಗಿದಳು. ರಬ್ಬರ್ ಹಾಲಿನ ಹುಳಿ ವಾಸನೆ. ಸುಟ್ಟ ಶೀಟಿನ ಕಮಟು. ಜೀರುಂಡೆಗಳು ಕಿರುಚುತ್ತಿದ್ದವು. ಹೊಗೆಕೋಣೆಯ ಮುಂದಿನಿಂದಲೇ ಹೋದಳು. ಅಲ್ಲಿ ಮಾತ್ರ ಜೀರುಂಡೆ ಇಲ್ಲ. ಹಿಂದೆ ಬಂದಳು. ಮತ್ತೆ ಹೋದಳು. ಮೂರು ಸಲ. ಮೂರನೆಯ ಸಲ ಕಣ್ಣು ಕೆಳಗೆ ಹೋಯಿತು. ಬಾಗಿಲಿನ ಅಡಿಯ ಸಂದು. ಅಲ್ಲಿ ಬೆರಳು. ನಾಲ್ಕು ಪುಟ್ಟ ಬೆರಳು. ಮಸಿ ಹಿಡಿದಿತ್ತು. ಕೆರೆಯುತ್ತಿತ್ತು.

ಚಿಲಕ ಸುಡುತ್ತಿತ್ತು. ಎಳೆದಳು. ಕಪ್ಪು ಹೊಗೆ ಮುಖಕ್ಕೆ ಹೊಡೆಯಿತು. ನೆಲದ ಮೇಲೆ ಮಗು. ಬಾಯಿ ಅಗಲಕ್ಕೆ ತೆರೆದಿತ್ತು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಅಷ್ಟು ಹೊತ್ತೂ ಅದು ಅಮ್ಮಾ ಎಂದು ಕೂಗುತ್ತಲೇ ಇತ್ತು. ಅಮ್ಮ ಮೂರು ಸಲ ಎದುರಿನಿಂದಲೇ ಹೋಗಿದ್ದಳು.

ಮಗು ಬದುಕಿತು. ಎರಡು ದಿನ ಆಸ್ಪತ್ರೆಯಲ್ಲಿಟ್ಟು, ಕೈಗೆ ಬ್ಯಾಂಡೇಜು ಸುತ್ತಿ ಕಳಿಸಿದರು. "ಮಗು ಒಳಗೆ ಬಂದದ್ದು ನಾನು ನೋಡ್ಲಿಲ್ಲ, ಎಂತದೂ ಕೇಳ್ಲಿಲ್ಲ ಅಕ್ಕ, ದೇವರಾಣೆ," ಎಂದು ಜತ್ತಪ್ಪ ಅತ್ತ. ಹರಿಪ್ರಸಾದ ಅಳಲಿಲ್ಲ. "ಒಂದು ಮಗುವನ್ನು ನೋಡಿಕೊಳ್ಲಿಕ್ಕೆ ಆಗುದಿಲ್ವಾ ನಿನಗೆ?" ಎಂದು ವಾರ್ಡಿನ ನಡುವೆ ಕಿರುಚಿದ. ಭವಿತಾ ಮನೆಗೆ ಬಂದವಳೇ ನೇರ ಮೈಮೂನಮ್ಮನ ಬಾಗಿಲು ಬಡಿದಳು.

ಮೈಮೂನಮ್ಮ ಅಂದು ಹೇಳಲು ಹೊರಟದ್ದನ್ನು ಈಗ ಹೇಳಿದರು. ಆ ಮನೆ ವೆಂಕಪ್ಪನ ಅಣ್ಣನದ್ದು. ಅಣ್ಣ ಸತ್ತ ಮೇಲೆ ಅತ್ತಿಗೆ ದುಗ್ಗಮ್ಮನಿಂದ, ಪಿಂಚಣಿಯ ಕಾಗದ ಎಂದು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡು, ಆಕೆಯನ್ನೇ ಹೊರಗೆ ಹಾಕಿದ್ದ. ದುಗ್ಗಮ್ಮ ಮೂರು ದಿನ ಅನ್ನ ನೀರಿಲ್ಲದೆ ಬಾವಿಕಟ್ಟೆಯಲ್ಲಿ ಕೂತು, ನಾಲ್ಕನೆಯ ದಿನ ಸೊಪ್ಪು ಕಟ್ಟಿದ್ದಳು. ಇದನ್ನು ಕಡಿದು ಮೊದಲ ಗುಟುಕು ಕುಡಿದವರ ಮಾತು ಯಾರಿಗೂ ಕೇಳದೆ ಹೋಗಲಿ ಎಂದು ಗಟ್ಟಿಯಾಗಿ ಹೇಳಿಯೇ ಕಟ್ಟಿದ್ದಳು.

"ಮೊದಲ ಗುಟುಕಿಗೆ ಮಾತ್ರ. ಆಮೇಲೆ ಬಾವಿ ಶುದ್ಧ. ಕುಡೀಲಿಕ್ಕೆ ಊರಿನವರು ಯಾರೂ ಸಿಗಲಿಲ್ಲ ವೆಂಕಪ್ಪಣ್ಣನಿಗೆ. ಅದಕ್ಕೆ ಹೊರಗಿನವರನ್ನು ಹುಡುಕಿದ್ದು."

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂಬ ಗಾದೆಯನ್ನು ಭವಿತಾ ಎಷ್ಟೋ ಸಲ ಆಡಿದ್ದಳು. ಅದನ್ನು ನಿಜವಾಗಿ ಮಾಡುವ ಮನುಷ್ಯ ಇದ್ದಾನೆಂದು ಎಣಿಸಿರಲಿಲ್ಲ. ವೆಂಕಪ್ಪನ ಮೇಲೆ ಸಿಟ್ಟು ಉಕ್ಕಿತು. ನೀವು ಓದಿದವರು ಎಂದು ಹೊಗಳಿದ್ದನಲ್ಲ, ಆ ಹೊಗಳಿಕೆಗೆ ತಾನು ಹಿಗ್ಗಿದ್ದೆನಲ್ಲ ಎಂದು ತನ್ನ ಮೇಲೂ ಅಷ್ಟೇ ಸಿಟ್ಟು ಬಂತು.

ಮರುದಿನ ಯಶಸ್ವಿಯನ್ನು ಎತ್ತಿಕೊಂಡು ನೆಟ್ಟಣಕ್ಕೆ ಹೋದಳು. ರೈಲು ನಿಲ್ದಾಣದ ಹಿಂದಿನ ಒಂದು ಕೋಣೆಯ ಮನೆಯಲ್ಲಿ ದುಗ್ಗಮ್ಮ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದಳು. ಹೊಗೆಸೊಪ್ಪಿನ ಘಾಟಿಗೆ ಕಣ್ಣು ಉರಿಯಿತು. ಭವಿತಾ ಬಾಯಿ ತೆರೆಯುವ ಮೊದಲೇ ಮುದುಕಿ ತಲೆಯೆತ್ತಿದಳು.

"ಮಗು ಆಗಿನಿಂದ ನೀರು ಕೇಳ್ತಾ ಉಂಟು. ಕೊಡುದಿಲ್ವಾ ನೀನು?"

ಕಟ್ಟಿದವಳಿಗೆ ಆ ಸ್ವರ ಕೇಳುತ್ತಿತ್ತು. ಭವಿತಾ ಮಗುವನ್ನು ಕೆಳಗಿಳಿಸಿದಳು. ಯಶಸ್ವಿ ದುಗ್ಗಮ್ಮನ ಮೊಣಕಾಲು ಹಿಡಿದು ಬಿಕ್ಕಿ ಬಿಕ್ಕಿ ಮಾತಾಡತೊಡಗಿದಳು. ಹದಿನೈದು ದಿನದ ಮಾತು. ಮುದುಕಿ ಹೂಂ, ಹೂಂ ಎನ್ನುತ್ತಿದ್ದಳು. ಕೇಳುತ್ತಾ ಕೇಳುತ್ತಾ ಅವಳ ಮುಖ ಗಟ್ಟಿಯಾಯಿತು.

"ಇದನ್ನು ತೆಗೀರಿ," ಎಂದಳು ಭವಿತಾ. "ನಿಮ್ಮ ಕಾಲು ಹಿಡೀತೇನೆ."

"ಪಂಚಾಯತಿಗೆ ಹೋದೆ, ಸ್ಟೇಷನಿಗೆ ಹೋದೆ, ತಾಲೂಕು ಆಫೀಸಿಗೆ ಹೋದೆ. ಎಲ್ಲರೂ ಮುಖ ನೋಡಿದ್ರು, ಮಾತು ಯಾರೂ ಕೇಳ್ಲಿಲ್ಲ. ಅವನ ಬಾಯಿಗೆ ಅಂತ ಕಟ್ಟಿದ್ದು ನಾನು. ನಿನ್ನನ್ನು ಕಡೀಲಿಕ್ಕೆ ಯಾರು ಹೇಳಿದ್ದು?" ದುಗ್ಗಮ್ಮನ ಕೈಯಲ್ಲಿದ್ದ ಬೀಡಿ ಹಿಸುಕಿಹೋಯಿತು. "ತೆಗೀಲಿಕ್ಕೆ ಆಗುದಿಲ್ಲ. ಅದಕ್ಕೆ ಒಂದು ಬಾಯಿ ಬೇಕು. ಸೊಪ್ಪು ಕಡಿದ ಕೈ ಬೇಕಾದ್ರೆ ಇನ್ನೊಬ್ಬರಿಗೆ ದಾಟಿಸಬಹುದು. ಅದೇ ಬಾವಿಯಿಂದ ನೀರು ಸೇದು. ಮಗುವಿನ ತುಟಿಗೆ ಮುಟ್ಟಿಸು. ಅದನ್ನು ಮೊದಲು ಕುಡಿದವರಿಗೆ ಹೋಗ್ತದೆ."

"ನಾನೇ ಕುಡಿದ್ರೆ?"

"ಕುಡಿ. ಬೇಡ ಅಂತ ನಾನು ಹೇಳುದಿಲ್ಲ."

ಬಸ್ಸಿನಲ್ಲಿ ಬರುವಾಗ ಭವಿತಾ ಅದನ್ನು ಯೋಚಿಸಿದಳು. ನಿಜವಾಗಿ ಯೋಚಿಸಿದಳು. ಆಮೇಲೆ ಬಾಗಿಲಿನ ಸಂದಿನ ನಾಲ್ಕು ಬೆರಳು ಕಣ್ಣಿಗೆ ಬಂತು. ನಾನು ಯಾಕೆ ಕುಡಿಯಬೇಕು, ಅವನೇ ಕುಡಿಯಲಿ ಎಂದು ಗಟ್ಟಿ ಮಾಡಿಕೊಂಡಳು.

ಮಾರನೆಯ ದಿನ ಶನಿವಾರ ಹನ್ನೆರಡೂವರೆಗೆ, ಮಗುವನ್ನು ಗಂಡನ ಹತ್ತಿರ ಬಿಟ್ಟು, ಅದರ ತುಟಿಗೆ ಮುಟ್ಟಿಸಿದ ಬಾವಿ ನೀರಿನ ಬಾಟಲಿಯನ್ನು ಚೀಲದಲ್ಲಿ ಇಟ್ಟುಕೊಂಡು ವೆಂಕಪ್ಪನ ಮನೆಯ ಜಗಲಿ ಹತ್ತಿದಳು. ಅವನು ಬನಿಯನ್ನಿನಲ್ಲಿ ಕೂತಿದ್ದ. ಮಗುವಿನ ಕೈಯ ಸಂಗತಿ ಕೇಳಲಿಲ್ಲ.

"ಬಾವಿಯ ನೀರು ಕುಡೀತಾ ಇದ್ದೀರಲ್ಲ ಎಲ್ಲರೂ? ಒಳ್ಳೆದಾಯ್ತು. ಮತ್ತೆ, ಮುಂದಿನ ತಿಂಗಳು ನನ್ನ ಮಗ ಆ ಮನೆಗೆ ಬರುದು ಅಂತ ಉಂಟು. ನೀವು ಬೇರೆ ಕಡೆ ನೋಡಿಕೊಳ್ಳಿ ಆಯ್ತಾ."

ಭವಿತಾ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಇನ್ನೂ ಸ್ವಲ್ಪ ದಯೆ ಉಳಿದಿದ್ದರೆ ಅದೂ ಆ ಕ್ಷಣಕ್ಕೆ ಸುಟ್ಟುಹೋಯಿತು. ಅವನ ಹೆಂಡತಿ ಬೆಲ್ಲದ ತಟ್ಟೆ, ಒಂದು ಚೆಂಬು ನೀರು ತಂದಿಟ್ಟು ಒಳಗೆ ಹೋದಳು. ವೆಂಕಪ್ಪ ಫೋನು ಬಂತೆಂದು ಎದ್ದು ಹೋದ. ಭವಿತಾ ಚೆಂಬಿನ ನೀರನ್ನು ಅಂಗಳಕ್ಕೆ ಚೆಲ್ಲಿ ಬಾಟಲಿಯದ್ದನ್ನು ತುಂಬಿದಳು. ಹಸಿ ಎಲೆಯ ವಾಸನೆ ಮತ್ತೆ ಬಂತು.

ಅವನು ಬಂದು ಕೂತ. "ಎಂತ ಸೆಖೆ ಮಾರಾಯ್ರೆ," ಎಂದು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಚೆಂಬು ಎತ್ತಿದ. ಕುಡಿ. ಚೆಂಬು ಗಲ್ಲದವರೆಗೆ ಬಂತು. ಕುಡಿ. ತುಟಿಗೆ ಒಂದು ಬೆರಳಿನಷ್ಟು ದೂರ.

"ಅಜ್ಜಾ!"

ಗೇಟಿನಿಂದ ಓಡಿ ಬಂದಳು ಅವನ ಮೊಮ್ಮಗಳು ಶಮಿಕಾ. ಒಂದನೆಯ ತರಗತಿ. ಶನಿವಾರದ ಅರ್ಧ ದಿನದ ಶಾಲೆ ಮುಗಿದಿತ್ತು. ಹಣೆಯ ಮೇಲೆ ಬೆವರು, ಬೆನ್ನ ಮೇಲೆ ಚೀಲ. "ಅಜ್ಜ, ನೀರು!"

"ನನ್ನ ಪುಟ್ಟಿಗೆ ಮೊದಲು," ಎಂದು ವೆಂಕಪ್ಪ ಚೆಂಬನ್ನು ಅವಳ ಕೈಗೆ ಕೊಟ್ಟ.

ಬೇಡ. ಅಷ್ಟು ಹೇಳಿದರೆ ಸಾಕಿತ್ತು. ಭವಿತಾಳ ನಾಲಿಗೆ ಸರಿಯಾಗಿಯೇ ಇತ್ತು. ಗಂಟಲು ಸರಿಯಾಗಿಯೇ ಇತ್ತು. ಮಗು ಎರಡೂ ಕೈಯಲ್ಲಿ ಚೆಂಬು ಹಿಡಿಯಿತು. ಎತ್ತಿತು. ಹೊತ್ತು ಇತ್ತು. ಬೇಕಾದಷ್ಟು ಹೊತ್ತು ಇತ್ತು. ಅವಳು ಹಲ್ಲು ಕಚ್ಚಿ ಕೂತಳು. ಮಗು ಕುಡಿಯಿತು.

ಚೀಲದೊಳಗೆ ಫೋನು ಹೊಡೆದುಕೊಂಡಿತು. "ಭವೀ!" ಹರಿಪ್ರಸಾದ ನಗುತ್ತಿದ್ದನೋ ಅಳುತ್ತಿದ್ದನೋ. "ಕೇಳು, ಕೇಳು ಇಲ್ಲಿ!"

"ಅಮ್ಮ, ನಾನು ಹೇಳುದು ಕೇಳ್ತದಾ?"

ಹದಿನಾರು ದಿನಗಳ ಮೇಲೆ ಕೇಳಿದ ಸ್ವರ. ಭವಿತಾ ಚೀಲ ಹೆಗಲಿಗೇರಿಸಿದಳು. "ಕೇಳ್ತದೆ ಮಗಾ. ಮಾತಾಡು. ಮಾತಾಡ್ತಾ ಇರು. ಬಂದೆ," ಎನ್ನುತ್ತಾ ಎದ್ದಳು.

"ಶಾಲೆಯಿಂದ ಬಂದ್ರೆ ನನ್ನ ಕಿವಿ ತೂತು ಮಾಡ್ತಾಳೆ ಇವಳು," ಎಂದು ವೆಂಕಪ್ಪ ಮೊಮ್ಮಗಳ ಕೆನ್ನೆ ತಟ್ಟಿ ನಕ್ಕ. "ಇವತ್ತು ಎಂತ ಪುಟ್ಟಿ, ಮಾತೇ ಇಲ್ಲ? ಟೀಚರ್ ಬೈದ್ರಾ?"

ಶಮಿಕಾ ಹೇಳುತ್ತಲೇ ಇದ್ದಳು. ಅಜ್ಜ ನಗುತ್ತಲೇ ಇದ್ದ. ಅವಳು ಅವನ ತೋಳು ಹಿಡಿದು ಅಲುಗಾಡಿಸಿದಳು, ಮತ್ತೆ ಹೇಳಿದಳು, ಹೆದರಿದಳು. ಸುತ್ತ ನೋಡಿ, ಮೆಟ್ಟಿಲು ಇಳಿಯುತ್ತಿದ್ದ ಭವಿತಾಳ ಹಿಂದೆ ಓಡಿ ಬಂದು ಚೂಡಿದಾರದ ತುದಿ ಹಿಡಿದಳು. ಮಗಳ ತುಟಿ ನೋಡಿ ನೋಡಿ ಭವಿತಾ ಇಷ್ಟು ದಿನದಲ್ಲಿ ಸದ್ದಿಲ್ಲದ ಮಾತು ಓದಲು ಕಲಿತಿದ್ದಳು. ಆಂಟಿ, ಅಜ್ಜನಿಗೆ ಕೇಳ್ತಾ ಇಲ್ಲ, ನಿಮಗೆ ಕೇಳ್ತದಾ, ಎಂದಿತು ಮಗು.

ಭವಿತಾ ಬಟ್ಟೆಯ ತುದಿಯನ್ನು ಮೆಲ್ಲನೆ ಬಿಡಿಸಿಕೊಂಡಳು. ಫೋನನ್ನು ಕಿವಿಗೆ ಒತ್ತಿ ಹಿಡಿದು, ಕೇಳದವಳ ಹಾಗೆ ಗೇಟು ದಾಟಿದಳು.