ಗಾಳಿ ತಿರುಗುವ ತನಕ

ಯೆರ್ಕೊ ಕರೆಯದೇ ಬಂದವನು. ನನ್ನ ಅನುಮಾನ ಶುರುವಾಗಿದ್ದೇ ಅಲ್ಲಿಂದ.

ಅಪ್ಪ ಬಿಟ್ಟುಹೋದ ಮರದ ದೋಣಿ ‘ಪೆರಿನಾ’ವನ್ನು ನಮ್ಮ ದ್ವೀಪದ ಊರು ಕೊಮಿಜಾದಿಂದ ಬಡಗಣ ಬೆಟಿನಾಕ್ಕೆ, ದೋಣಿ ರಿಪೇರಿ ಮಾಡುವವರ ಹತ್ತಿರ, ಒಯ್ಯಬೇಕಿತ್ತು. ಶನಿವಾರದೊಳಗೆ ಮುಟ್ಟಿದರೆ ತಳದ ಹಲಗೆ ಬದಲಾಗುತ್ತದೆ. ತಪ್ಪಿದರೆ ನನ್ನ ಸರದಿ ಇನ್ನೊಬ್ಬರಿಗೆ ಹೋಗುತ್ತದೆ, ಬೇಸಿಗೆಗೆ ಪ್ರವಾಸಿಗರನ್ನು ಕೂರಿಸಿಕೊಳ್ಳುವ ಪರವಾನಗಿ ಸಿಗುವುದಿಲ್ಲ. ಆ ದೋಣಿ ಬಿಟ್ಟರೆ ನನಗೆ ಬೇರೆ ಜೀವನವಿಲ್ಲ.

ಜನವರಿಯಲ್ಲಿ ಒಬ್ಬಳೇ ಹೊರಡುವ ಹುಚ್ಚು ನನಗಿಲ್ಲ. ಯಾರನ್ನು ಕರೆಯಲಿ ಎಂದು ಯೋಚಿಸುತ್ತಿದ್ದಾಗ ಯೆರ್ಕೊ ದಕ್ಕೆಗೆ ಬಂದು ನಿಂತ.

“ಊಟ ಹಾಕಿದ್ರೆ ಸಾಕು, ಯಜಮಾನ್ತಿ” ಅಂದ.

ಕಳೆದ ಅಕ್ಟೋಬರ್‌ವರೆಗೆ ಅವನು ಫ್ರಾನೆಯ ಪ್ರವಾಸಿ ದೋಣಿ ನಡೆಸುತ್ತಿದ್ದ. ಫ್ರಾನೆಗೆ ಹತ್ತು ವರ್ಷದಿಂದ ನನ್ನ ಗಿರಾಕಿಗಳ ಮೇಲೆ ಕಣ್ಣು. ಅವನ ಕಡೆಯ ಮನುಷ್ಯ ನನಗೆ ಬಿಟ್ಟಿ ಕೆಲಸ ಮಾಡುತ್ತೇನೆಂದರೆ, ನಲವತ್ತೆರಡು ವರ್ಷ ಲೋಕ ನೋಡಿದ ನಾನು ಹೇಗೆ ನಂಬಲಿ? ಆದರೂ ಹೂಂ ಅಂದೆ. ಚುಕ್ಕಾಣಿ ಹಿಡಿಯುವುದರಲ್ಲಿ ಅವನಷ್ಟು ಪಳಗಿದವರು ನಮ್ಮ ದ್ವೀಪದಲ್ಲಿ ಇನ್ನೊಬ್ಬರಿಲ್ಲ.

ಎರಡು ದಿನದ ದಾರಿ. ಹೊರಟ ದಿನವೇ ತೆಂಕಣ ಗಾಳಿ ಎದ್ದಿತು. ಅದು ಬೀಸುವಾಗ ಸಮುದ್ರ ಸೀಸದ ಬಣ್ಣಕ್ಕೆ ತಿರುಗುತ್ತದೆ, ಹಾಸಿಗೆಯೂ ಒದ್ದೆ, ತಲೆಯೂ ಭಾರ. ನಮ್ಮವರು ಆ ಗಾಳಿಯಲ್ಲಿ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ, ಮಾತು ಕೊಡುವುದೂ ಇಲ್ಲ. ದಾರಿಯ ಬಂದರು ರೊಗೊಜ್ನಿಟ್ಸಾದಲ್ಲಿ ಒಂದು ದಿನ, ಮುಂದಿನ ಬಂದರು ಪ್ರಿಮೊಷ್ಟೆನ್‌ನಲ್ಲಿ ಎರಡು ದಿನ ಅಡಗಿ ಕೂತೆವು.

ನಾನು ಆಲೂಗಡ್ಡೆ ಹೆರೆಯುವಾಗ ಅವನ ಕಣ್ಣು ನನ್ನ ಮೇಲಿರುತ್ತಿತ್ತು. ತಲೆ ಎತ್ತಿದರೆ ತಟ್ಟನೆ ಬಾರೋಮೀಟರ್ ಕಡೆ ಹೊರಳುತ್ತಿತ್ತು. ಏನು ನೋಡುತ್ತಿದ್ದೀರಿ ಎಂದು ಕೇಳಿಯೇಬಿಟ್ಟೆ.

“ಸಿಪ್ಪೆ ಎಷ್ಟು ತೆಳ್ಳಗೆ ತೆಗೀತೀರಿ ಅಂತ. ನಿಮ್ಮ ಹತ್ರ ಏನೂ ಹಾಳಾಗಲ್ಲ.”

“ಆಗಲ್ಲ. ಬಿಟ್ಟಿ ಸಿಕ್ಕಿದ್ದನ್ನೂ ಎರಡು ಸಲ ತೂಗಿ ನೋಡ್ತೀನಿ.”

ಅವನು ನಕ್ಕ. ಕೆನ್ನೆಯ ಒಂದೇ ಬದಿಗೆ ಬರುವ ಆ ನಗು ಚೆನ್ನಾಗಿತ್ತು. ಅದಕ್ಕೇ ಇನ್ನಷ್ಟು ಹುಷಾರಾದೆ.

ದಿನಕ್ಕೆರಡು ಸಲ ದಕ್ಕೆಯ ತುದಿಗೆ ಹೋಗಿ, ಬೆನ್ನು ತಿರುಗಿಸಿ ಫೋನ್ ಮಾಡುತ್ತಿದ್ದ. ಗುರುವಾರ ಮಧ್ಯಾಹ್ನ ಎರಡು ಲೋಟ ಕಾಫಿ ಹಿಡಿದು ಹಿಂದೆಯೇ ಹೋದೆ.

“ಇನ್ನೂ ಹೇಳಿಲ್ಲ. ಅವರಿಗೆ ಒಂದೂ ಗೊತ್ತಾಗಿಲ್ಲ. ಗಾಳಿ ತಿರುಗಲಿ, ಆಮೇಲೆ ನೋಡ್ಕೋತೀನಿ” ಅನ್ನುತ್ತಿದ್ದ.

ಎರಡೂ ಲೋಟ ಕಾಫಿ ನಾನೇ ಕುಡಿದೆ. ನನ್ನ ಸರದಿ ತಪ್ಪಿಸಲು ಫ್ರಾನೆಯೇ ಇವನನ್ನು ಕಳಿಸಿದ್ದಾನೆ ಎಂದು ತೀರ್ಮಾನಿಸಿ, ಎಂಜಿನ್ನಿನ ಬೀಗದಕೈ ಕಿತ್ತು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ.

ಶುಕ್ರವಾರ ಬೆಳಿಗ್ಗೆ ಎಲೆ ಅಲುಗುತ್ತಿರಲಿಲ್ಲ. ಬ್ರೆಡ್ ತರಲು ಬೇಕರಿಗೆ ಹೋಗಿದ್ದೆ. ಚಿಲ್ಲರೆ ತೆಗೆದುಕೊಳ್ಳುವಾಗ ಬಾಗಿಲು ದಡಾರನೆ ಬಡಿಯಿತು. ಬೂರಾ. ಬೆಟ್ಟದಿಂದ ಕಡಲಿಗೆ ಧುಮುಕುವ ಚಳಿಗಾಳಿ, ತೆಂಕಣದ ಮಬ್ಬನ್ನೆಲ್ಲ ಗುಡಿಸಿ ಒಯ್ಯುವಂಥದ್ದು.

ಓಡಿ ಬಂದಾಗ ಪೆರಿನಾ ದಕ್ಕೆಯ ಕಲ್ಲಿಗೆ ಬಡಿದುಕೊಳ್ಳುತ್ತಿದ್ದಳು. ಯೆರ್ಕೊ ಬೆನ್ನನ್ನು ಕ್ಯಾಬಿನ್ನಿಗೆ ಒತ್ತಿ, ಎರಡೂ ಕಾಲನ್ನು ಕಲ್ಲಿಗೆ ಕೊಟ್ಟು ದೋಣಿಯನ್ನು ದೂಡಿ ಹಿಡಿದಿದ್ದ. ಹಗ್ಗ ಉಜ್ಜಿದ ಅಂಗೈಯಿಂದ ರಕ್ತ ಇಳಿಯುತ್ತಿತ್ತು.

“ಬೀಗದಕೈ” ಅಂದ.

ನಾನು ಕೊರಳಿನಿಂದ ದಾರ ಬಿಡಿಸುವಷ್ಟರಲ್ಲಿ ದೋಣಿ ಇನ್ನೂ ಮೂರು ಸಲ ಬಡಿಯಿತು. ಆ ಮೂರೂ ಪೆಟ್ಟು ನನ್ನ ಲೆಕ್ಕಕ್ಕೆ.

ಹೊರಬಿದ್ದ ಮೇಲೆ, ಬೆಟ್ಟದ ಬುಡದಲ್ಲಿ ಅಲೆ ಏಳುವುದಿಲ್ಲವೆಂದು ದಂಡೆಗೆ ಅಂಟಿಕೊಂಡೇ ಬಡಗಕ್ಕೆ ನಡೆಸಿದ. ಅವನ ಅಂಗೈಗೆ ಬಟ್ಟೆ ಸುತ್ತುತ್ತಾ, ಫ್ರಾನೆಗೆ ದಿನಾ ಏನು ವರದಿ ಕೊಡುತ್ತಿದ್ದಿರಿ ಎಂದು ಕೇಳಿದೆ.

ಅವನು ನನ್ನನ್ನೇ ನೋಡಿದ. ಈ ಸಲ ಕಣ್ಣು ಬಾರೋಮೀಟರ್ ಕಡೆ ಹೋಗಲಿಲ್ಲ. ಒಂದು ಫೋನು ಬೆಟಿನಾದ ಮೇಸ್ತ್ರಿಗೆ, ಸೋಮವಾರದ ತನಕ ಸರದಿ ಹಿಡಿದಿಡಲು. ಇನ್ನೊಂದು ತನ್ನ ತಾಯಿಗೆ ಅಂದ. ನಾನು ಅಲ್ಲೇ ಮೇಸ್ತ್ರಿಗೆ ಫೋನ್ ಮಾಡಿ ವಿಚಾರಿಸಿದೆ. ನಿಜವಿತ್ತು.

“ಅಮ್ಮನಿಗೂ ಮಾಡ್ತೀರಾ, ಯಜಮಾನ್ತಿ? ಮಗ ಬಾಯಿ ಬಿಟ್ಟನಾ ಅಂತ ದಿನಾ ಕೇಳ್ತಾಳೆ.”

“ಏನಂತ ಬಾಯಿ ಬಿಡಬೇಕಿತ್ತು?”

“ತೆಂಕಣ ಗಾಳಿಯಲ್ಲಿ ಅಂಥ ಮಾತು ಯಾರಾದ್ರೂ ಎತ್ತುತ್ತಾರಾ?”

ನನ್ನ ಮುಖ ಬಿಸಿಯಾಯಿತು. ಅವನು ಗಾಳಿ ನೋಡಿ ಮಾತು ತಡೆದಿದ್ದ. ನಾನು ಅದೇ ಗಾಳಿಯಲ್ಲಿ ಕೂತು ಅವನ ಮೇಲೆ ತೀರ್ಪು ಬರೆದಿದ್ದೆ. ಅಪ್ಪ ಇದ್ದಿದ್ದರೆ ಬೈಯುತ್ತಿದ್ದರು.

“ಎದುರು ದೋಣಿಯಲ್ಲಿ ನಿಂತು ನಿನ್ನ ಗಿರಾಕಿಗಳನ್ನ ಕೂಗಿ ಕರೆಯೋಕೆ ಆಗ್ತಿರಲಿಲ್ಲ, ವಿಂಕಾ. ಫ್ರಾನೆಯನ್ನ ಬಿಟ್ಟಿದ್ದು ಅದಕ್ಕೆ” ಅಂದ. ‘ಯಜಮಾನ್ತಿ’ ಹೋಗಿತ್ತು, ‘ನೀವು’ ಕೂಡ ಹೋಗಿತ್ತು. “ರಿಪೇರಿ ಮುಗಿದ ಮೇಲೆ ನನ್ನನ್ನ ಕಳಿಸಬೇಡ. ಕೇಳಬೇಕಾಗಿದ್ದು ಇಷ್ಟೇ.”

“ಉತ್ತರ ಯಾವಾಗ ಬೇಕು?”

“ಬೂರಾ ಮೂರು ದಿನ ಇರುತ್ತೆ. ಅಷ್ಟರೊಳಗೆ.”

ಬೆಟಿನಾ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಯೆರ್ಕೊ ಎಂಜಿನ್ ಆರಿಸಿ, ಬೀಗದಕೈ ತೆಗೆದು, ಅಂಗಿಗೆ ಒರೆಸಿ ನನ್ನ ಮುಂದೆ ಹಿಡಿದ. ನಾನು ಮೊದಲು ತಲೆ ಎತ್ತಿ ಕಂಬದ ಮೇಲಿನ ಬಾವುಟ ನೋಡಿದೆ. ಬೂರಾನೇ, ಅನುಮಾನವಿಲ್ಲ.

“ಇನ್ಮೇಲೆ ನಿನ್ನ ಕೊರಳಲ್ಲಿರಲಿ” ಅಂದೆ.